“ಮಿಸ್, ಯಾರಿಗೂ ಹೇಳಬೇಡಿ” ಅಂದಾಗ

ಹೋದ ತಿಂಗಳು ನಮ್ಮ ತಾಲ್ಲೂಕಿನ ಗುರುಭವನದಲ್ಲಿ ಹೈಸ್ಕೂಲ್ ಮೇಷ್ಟ್ರುಗಳಿಗೂ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯವರಿಗೂ ಸೇರಿಸಿ ಒಂದು ದಿನದ ತರಬೇತಿ ಇತ್ತು. ಮಕ್ಕಳ ರಕ್ಷಣೆ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದರು. ಮಾತು ಮುಗಿದ ಮೇಲೆ ಇಬ್ಬರು ಮೂವರು “ಬರೆದು ಕಳಿಸಿ ಮೇಡಂ, ನಮ್ಮ ಶಾಲೆಯಲ್ಲೂ ಓದ್ತೀವಿ” ಅಂದರು. ಹಾಗಾಗಿ ಇದು. ಆಡಿದ ಮಾತನ್ನು ಸ್ವಲ್ಪ ಒಪ್ಪ ಮಾಡಿದ್ದೇನೆ, ಜಾಸ್ತಿ ತಿದ್ದಿಲ್ಲ.

ನಿಮ್ಮಲ್ಲಿ ಎಷ್ಟು ಜನಕ್ಕೆ ಮಕ್ಕಳು ಬಂದು “ಮಿಸ್, ಒಂದು ವಿಷ್ಯ ಹೇಳ್ತೀನಿ, ಯಾರಿಗೂ ಹೇಳಬೇಡಿ” ಅಂದಿದ್ದಾರೆ? ಕೈ ಎತ್ತಿ. ನೋಡಿ, ಅರ್ಧಕ್ಕರ್ಧ ಕೈ ಮೇಲಿವೆ. ಆಗ ನೀವೇನು ಹೇಳಿದಿರಿ? “ಇಲ್ಲಮ್ಮ, ಹೇಳಲ್ಲ, ಹೇಳು” ಅಂದಿರಿ ಅಲ್ವಾ? ನಾನೂ ಹಾಗೇ ಅಂದಿದ್ದೆ. ಇವತ್ತಿನ ನನ್ನ ಮಾತೆಲ್ಲ ಆ ಒಂದು ಉತ್ತರದ ಸುತ್ತಲೇ.

2008ರಲ್ಲಿ ನಾನು ಬೇರೆ ಒಂದು ಶಾಲೆಯಲ್ಲಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಸಂಜೆ ಬೆಲ್ ಹೊಡೆದ ಮೇಲೆ ಬೋರ್ಡ್ ಒರೆಸುವ ನೆಪ ಮಾಡಿಕೊಂಡು ಉಳಿದುಕೊಂಡಳು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ಆಮೇಲೆ ಬೆನ್ನು ತಿರುಗಿಸಿಕೊಂಡೇ ಹೇಳಿದಳು. ಊರಲ್ಲಿ ಮನೆಪಾಠ ಮಾಡುವವರೊಬ್ಬರ ಬಗ್ಗೆ. ಯಾರಿಗೂ ಹೇಳಬೇಡಿ ಅಂತ ಮೊದಲೇ ಕೇಳಿದ್ದಳು, ನಾನು ಆಣೆ ಇಟ್ಟಿದ್ದೆ. ಆಣೆ ಇಟ್ಟಿದ್ದೇನಲ್ಲ ಅಂತ ನಾಲ್ಕು ದಿನ ಸುಮ್ನಿದ್ದೆ. ಆ ನಾಲ್ಕು ದಿನವೂ ಅವಳು ಅದೇ ಮನೆಪಾಠಕ್ಕೆ ಹೋಗಿದ್ದಾಳೆ. ಇದು ನನಗೆ ಹೊಳೆದಿದ್ದು ಐದನೇ ದಿನ.

ಐದನೇ ದಿನ ಆಣೆ ಮುರಿದು ಎಚ್‌ಎಂಗೆ ಹೇಳಿದೆ. ಅವರು ಕೆಟ್ಟವರಲ್ಲ, ಗಾಬರಿಯಾದರು ಅಷ್ಟೇ. “ಶಾಲೆ ಹೆಸರು ಬೀದಿಗೆ ಬರುತ್ತೆ” ಅಂದರು. ಊರಿನ ನಾಲ್ಕು ಜನ ದೊಡ್ಡವರನ್ನು ಕರೆಸಿದರು. ಆಫೀಸ್ ರೂಮಿನ ಬಾಗಿಲು ಹಾಕಿದರು. ಹೋಟೆಲಿನಿಂದ ಟೀ ಬಂತು, ಏಳು ಲೋಟ. ಆ ಲೋಟಗಳು ಇವತ್ತಿಗೂ ಕಣ್ಣ ಮುಂದೆ ಇವೆ, ಯಾಕಂದರೆ ಹುಡುಗಿಗೆ ಲೋಟ ಇರಲಿಲ್ಲ. ಎಲ್ಲರೂ ಕುರ್ಚಿಯಲ್ಲಿ ಕೂತಿದ್ದರು, ಅವಳು ಬೀರುವಿನ ಪಕ್ಕ ನಿಂತಿದ್ದಳು. “ಏನಾಯ್ತು ಹೇಳಮ್ಮ, ಹೆದರಬೇಡ” ಅಂದರು. ಅಷ್ಟು ಜನ ಗಂಡಸರ ಎದುರಿಗೆ! ಅವಳು ನನ್ನ ಕಡೆ ನೋಡಿದಳು. ಆಮೇಲೆ “ಏನೂ ಆಗಿಲ್ಲ” ಅಂದಳು. ಎಲ್ಲರಿಗೂ ಸಮಾಧಾನವಾಯಿತು. ಮುಂದಿನ ವಾರ ಅವರಪ್ಪ ಬಂದು ಟಿಸಿ ತೆಗೆದುಕೊಂಡು ಹೋದರು. ಟಿಸಿಯಲ್ಲಿ ಶಾಲೆ ಬಿಡಲು ಕಾರಣ ಬರೆಯುವ ಕಾಲಂ ಇದೆಯಲ್ಲ, ಅಲ್ಲಿ “ಪೋಷಕರ ಇಚ್ಛೆ” ಅಂತ ಬರೆದವಳು ನಾನೇ, ನನ್ನ ಅಕ್ಷರ ಚೆನ್ನಾಗಿದೆ ಅಂತ.

ಆಗ ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಕಾಯ್ದೆ ಇರಲಿಲ್ಲ. ಅದು ಬಂದದ್ದು 2012ರಲ್ಲಿ, ನವೆಂಬರ್ 14ರಿಂದ ಜಾರಿ. ಈಗ ಇದೆ. ಹೀಗಾಗಿ 2008ರಲ್ಲಿ ನಾವು ಮಾಡಿದ್ದು ಹೇಡಿತನ ಮಾತ್ರ. ಇವತ್ತು ಅದನ್ನೇ ಮಾಡಿದರೆ ಅಪರಾಧ. ಕಾಯ್ದೆಯ 19ನೇ ಸೆಕ್ಷನ್ ಹೇಳುವುದು ಇಷ್ಟು: ಮಗುವಿನ ಮೇಲೆ ಇಂಥದ್ದು ನಡೆದಿದೆ ಅಂತ ಗೊತ್ತಾದವರು, ನಡೆಯಬಹುದು ಅಂತ ಅನುಮಾನ ಬಂದವರು ಕೂಡ, ಪೊಲೀಸರಿಗೆ ತಿಳಿಸಲೇಬೇಕು. ಅದು ಯಾರಿಗಾದರೂ ಅನ್ವಯಿಸುತ್ತದೆ. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ತನ್ನ ಕೈಕೆಳಗಿನವನೇ ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಎಚ್‌ಎಂಗಳು ಸ್ವಲ್ಪ ನೆಟ್ಟಗೆ ಕೂತ್ಕೊಂಡ್ರಿ, ನೋಡಿದೆ.

ಇನ್ನು ರಾಜಿ. ನಮ್ಮೂರ ಕಡೆ ಎಲ್ಲಕ್ಕೂ ರಾಜಿ ಇದೆ, ಬದುವಿನ ಜಗಳಕ್ಕೂ ಹಸು ಮೇಯ್ದಿದ್ದಕ್ಕೂ. ಇದಕ್ಕಿಲ್ಲ. ರಾಜಸ್ಥಾನದಲ್ಲಿ 2022ರಲ್ಲಿ ಒಂದು ಪ್ರಕರಣ ಆಯಿತು. ವಿದ್ಯಾರ್ಥಿನಿಯ ಜೊತೆ ಕೆಟ್ಟದಾಗಿ ನಡೆದುಕೊಂಡ ಅಂತ ಮೇಷ್ಟ್ರ ಮೇಲೆ ಕೇಸ್. ಆಮೇಲೆ ಹುಡುಗಿಯ ತಂದೆ ಮತ್ತು ಆ ಮೇಷ್ಟ್ರು ಛಾಪಾ ಕಾಗದದಲ್ಲಿ ರಾಜಿ ಬರೆದುಕೊಂಡರು, ತಪ್ಪು ತಿಳಿವಳಿಕೆಯಿಂದ ಆದದ್ದು ಅಂತ. ಅಲ್ಲಿನ ಹೈಕೋರ್ಟ್ ಅದನ್ನು ಒಪ್ಪಿ ಕೇಸನ್ನೇ ರದ್ದು ಮಾಡಿತು. ಸುಪ್ರೀಂ ಕೋರ್ಟಿಗೆ ಹೋದವರು ಯಾರು ಗೊತ್ತಾ? ಆ ಮನೆಗೆ ಸಂಬಂಧವೇ ಇಲ್ಲದ ಊರ ಜನ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟ್ ಆದೇಶವನ್ನು ಪಕ್ಕಕ್ಕಿಟ್ಟು ಕೇಸ್ ನಡೆಯಲಿ ಅಂದಿತು. ಅಪ್ಪ ಕ್ಷಮಿಸಿದ ಮಾತ್ರಕ್ಕೆ ಇದು ಮುಗಿಯುವುದಿಲ್ಲ. ಇದು ಆ ಮನೆಯೊಂದರ ವ್ಯವಹಾರ ಅಲ್ಲ. ನನಗೆ ಆ ತೀರ್ಪಿಗಿಂತ ಆ ಊರಿನವರ ಮೇಲೆ ಜಾಸ್ತಿ ಗೌರವ.

ಸರಿ, ಹಾಗಾದರೆ ಮಗು “ಯಾರಿಗೂ ಹೇಳಬೇಡಿ” ಅಂದಾಗ ಏನು ಹೇಳಬೇಕು? ನಾನು ಈಗ ಹೇಳುವುದು ಹೀಗೆ. “ಯಾರಿಗೂ ಹೇಳಲ್ಲ ಅಂತ ಮಾತು ಕೊಡೋಕೆ ಆಗಲ್ಲ ಪುಟ್ಟಾ. ನಿನಗೆ ತೊಂದ್ರೆ ಆಗ್ತಿದ್ರೆ ಅದನ್ನ ನಿಲ್ಲಿಸೋ ಒಬ್ಬರಿಗೆ ನಾನು ಹೇಳಲೇಬೇಕು. ಆದ್ರೆ ಸ್ಟಾಫ್ ರೂಮಲ್ಲಿ ಹೇಳಲ್ಲ. ನಿನ್ನ ಫ್ರೆಂಡ್ಸ್‌ಗೆ ಹೇಳಲ್ಲ. ಯಾರಿಗೆ ಹೇಳ್ತೀನಿ ಅಂತ ಮೊದ್ಲು ನಿನಗೇ ಹೇಳ್ತೀನಿ.” ಇಷ್ಟನ್ನು ಅವಳು ಬಾಯಿ ತೆಗೆಯುವ ಮುಂಚೆಯೇ ಹೇಳಬೇಕು. ಕೇಳಿಸಿಕೊಂಡ ಮೇಲೆ ಹೇಳಿದರೆ ಅದು ಮೋಸ.

ಹಾಗಂದರೆ ಮಗು ಹೇಳದೆ ಎದ್ದು ಹೋಗುತ್ತಲ್ಲ ಅಂತ ಬೆಳಿಗ್ಗೆ ಟೀ ಹೊತ್ತಲ್ಲಿ ಒಬ್ಬ ಮೇಡಂ ಕೇಳಿದರು. ಹೋಗಬಹುದು. ನನ್ನ ಅನುಭವದಲ್ಲಿ ಒಬ್ಬಳು ಎದ್ದು ಹೋದಳು, ಹನ್ನೊಂದು ದಿನ ಬಿಟ್ಟು ವಾಪಸ್ ಬಂದಳು. ಆ ಹನ್ನೊಂದು ದಿನ ನಾನು ಅವಳ ಹಿಂದೆ ಬೀಳಲಿಲ್ಲ, ಆದರೆ ದಿನಾ ಒಂದು ಸಲ ಅವಳ ಜೊತೆ ಏನಾದರೂ ಮಾತಾಡುತ್ತಿದ್ದೆ, ಊಟ ಆಯ್ತಾ, ಬಸ್ ಸಿಕ್ತಾ, ಇಷ್ಟೇ. ಅವಳು ಕಣ್ಣಿಗೆ ಬೀಳದ ದಿನ ಊರಲ್ಲಿ ವಿಚಾರಿಸುತ್ತಿದ್ದೆ. ಕಷ್ಟದ ದಿನಗಳು.

ಹೇಳಲು ಶುರು ಮಾಡಿದರೆ ನಮ್ಮ ಕೆಲಸ ಕೇಳಿಸಿಕೊಳ್ಳುವುದು. ಪ್ರಶ್ನೆ ಕೇಳುವುದಲ್ಲ. ನಮಗೆ ಪ್ರಶ್ನೆ ಕೇಳಿ ಕೇಳಿ ಅಭ್ಯಾಸ, ಅದೇ ಕಷ್ಟ. “ಎಷ್ಟು ಸಲ? ನೀನು ಯಾಕೆ ಹೋದೆ? ಆಗಲೇ ಯಾಕೆ ಹೇಳಲಿಲ್ಲ?” ಇವು ಮೂರೂ ಬೇಡ. “ಯಾಕೆ” ಅನ್ನುವ ಪದವೇ ಬೇಡ, ಅದು ಮಗುವಿನ ಕಿವಿಗೆ ಬೈಗುಳದ ಹಾಗೆ ಕೇಳಿಸುತ್ತದೆ. “ಆಮೇಲೆ?” ಅಂದರೆ ಸಾಕು. ಸುಮ್ನೆ ಕೂತರೂ ಸಾಕು. ನಿಜವೋ ಸುಳ್ಳೋ ಅಂತ ಪತ್ತೆ ಮಾಡುವುದು ನಮ್ಮ ಕೆಲಸ ಅಲ್ಲ, ಅದಕ್ಕೆ ಸಂಬಳ ತೆಗೆದುಕೊಳ್ಳುವವರು ಬೇರೆ ಇದ್ದಾರೆ. ನಾವು ಮೂರು ಮೂರು ಸಲ ಹೇಳಿಸಿದರೆ ಮೂರನೇ ಸಲಕ್ಕೆ ಮಗುವಿನ ಮಾತು ಬದಲಾಗಿರುತ್ತದೆ, ಕೋರ್ಟಿನಲ್ಲಿ ಅದನ್ನೇ ಹಿಡಿದುಕೊಳ್ಳುತ್ತಾರೆ.

ಆಮೇಲೆ ಬರೆದಿಡಬೇಕು. ಅವತ್ತೇ. ತಾರೀಕು, ಹೊತ್ತು, ಎಲ್ಲಿ ಕೂತು ಮಾತಾಡಿದಿರಿ, ಮತ್ತೆ ಮಗು ಆಡಿದ ಮಾತನ್ನು ಮಗು ಆಡಿದ ಹಾಗೇ. ನಾವು ಮೇಷ್ಟ್ರುಗಳು, ತಿದ್ದಿ ಬರೆಯುವ ಚಾಳಿ ನಮಗೆ. ಹುಡುಗಿ “ಅಣ್ಣ ಕಾಡಿಸ್ತಾನೆ” ಅಂದರೆ ನಾವು “ಲೈಂಗಿಕ ದೌರ್ಜನ್ಯ ಎಸಗಿರುತ್ತಾನೆ” ಅಂತ ಬರೆದುಬಿಡುತ್ತೇವೆ. ಬೇಡ. ಕಾಡಿಸ್ತಾನೆ ಅಂತಲೇ ಇರಲಿ. ಯಾವ ಅಣ್ಣ ಅಂತ ಅವಳು ಹೇಳಿದ್ದರೆ ಅದನ್ನೂ ಬರೆಯಿರಿ, ಹೇಳದಿದ್ದರೆ ಊಹಿಸಬೇಡಿ. ಆ ಹಾಳೆ ಬೀಗ ಹಾಕಿದ ಬೀರುವಿನಲ್ಲಿ ಇರಬೇಕು. ಶಾಲೆಯ ವಾಟ್ಸಾಪ್ ಗುಂಪಿಗೆ ಹೋಗಬಾರದು. ಮಗುವಿನ ಹೆಸರು, ಊರು, ಶಾಲೆ ಯಾವುದೂ ಪೇಪರ್‌ನಲ್ಲಿ ಬರುವಂತಿಲ್ಲ, ಅದೂ ಅದೇ ಕಾಯ್ದೆಯಲ್ಲಿದೆ.

ಪೊಲೀಸ್ ಅಂದ ತಕ್ಷಣ ಮಕ್ಕಳು ನಡುಗುತ್ತಾರೆ. ಅವರಿಗೆ ಇದನ್ನು ಹೇಳಿ: ನಿನ್ನ ಮಾತು ಕೇಳಲು ಬರುವವರು ಖಾಕಿ ಹಾಕಿಕೊಂಡು ಬರಬಾರದು. ನಿನ್ನ ಮನೆಯಲ್ಲಿ, ಅಥವಾ ನಿನಗೆ ಇಷ್ಟವಾದ ಜಾಗದಲ್ಲೇ ಕೇಳಬೇಕು. ಆದಷ್ಟೂ ಹೆಣ್ಣು ಸಬ್ ಇನ್ಸ್‌ಪೆಕ್ಟರೇ ಬರಬೇಕು. ರಾತ್ರಿ ಸ್ಟೇಷನ್‌ನಲ್ಲಿ ಉಳಿಸಿಕೊಳ್ಳುವಂತಿಲ್ಲ. 24 ಗಂಟೆಯೊಳಗೆ ಪೊಲೀಸರೇ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ನಮ್ಮಲ್ಲಿ ‘ತೆರೆದ ಮನೆ’ ಅಂತ ಮಕ್ಕಳನ್ನು ಸ್ಟೇಷನ್‌ಗೆ ಕರೆದುಕೊಂಡು ಹೋಗುತ್ತೇವಲ್ಲ, ಹೆಚ್ಚು ಕಡೆ ಅದು ಫೋಟೊಕ್ಕೇ ಮುಗಿದುಹೋಗುತ್ತದೆ. ಅವತ್ತು ಈ ನಾಲ್ಕು ಮಾತನ್ನು ಇನ್ಸ್‌ಪೆಕ್ಟರ್ ಬಾಯಲ್ಲೇ ಹೇಳಿಸಿ.

ಸುಳ್ಳು ದೂರಾದರೆ ಏನು ಗತಿ? ಪ್ರತಿ ಸಲ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲ ಗಂಡು ಮೇಷ್ಟ್ರೇ ಕೇಳುತ್ತಾರೆ. ತಪ್ಪೇನಿಲ್ಲ, ಭಯ ಇರುತ್ತೆ. ಬೇಕಂತಲೇ ಸುಳ್ಳು ದೂರು ಕೊಟ್ಟ ದೊಡ್ಡವರಿಗೆ ಶಿಕ್ಷೆ ಇದೆ, ಮಗುವಿಗೆ ಇಲ್ಲ. ಒಳ್ಳೆ ಮನಸ್ಸಿನಿಂದ ತಿಳಿಸಿ, ಆಮೇಲೆ ಏನೂ ಸಾಬೀತಾಗದಿದ್ದರೂ ತಿಳಿಸಿದವರ ಮೇಲೆ ಕ್ರಮ ಇಲ್ಲ. ಇಷ್ಟು ಸಾಕು, ಮುಂದೆ ಹೋಗೋಣ.

ಪ್ರೀತಿ ವಿಷಯವನ್ನೂ ಬೇಗ ಮುಗಿಸುತ್ತೇನೆ. ಕಾಯ್ದೆಯ ಕಣ್ಣಲ್ಲಿ 18 ತುಂಬದವರ ಒಪ್ಪಿಗೆಗೆ ಬೆಲೆ ಇಲ್ಲ. ಹತ್ತನೇ ಕ್ಲಾಸಿನ ಹುಡುಗಿ ಐಟಿಐ ಹುಡುಗನ ಜೊತೆ ಓಡಿಹೋದರೆ, ಅವನಿಗೆ ಹತ್ತೊಂಬತ್ತಾಗಿದ್ದರೆ, ಅವನ ಮೇಲೆ ಪೋಕ್ಸೊ. ಇದು ಸರಿಯೋ ತಪ್ಪೋ ಅಂತ ದೊಡ್ಡ ದೊಡ್ಡವರೇ ಚರ್ಚೆ ಮಾಡುತ್ತಿದ್ದಾರೆ. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಈ ವಯಸ್ಸಿನ ಬಗ್ಗೆ ಕಾನೂನು ಆಯೋಗ ಮತ್ತೆ ಯೋಚಿಸಬೇಕು ಅಂದಿತ್ತು, ಒಂಬತ್ತನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಈ ಕಾನೂನು ತಿಳಿಸಿಕೊಡಿ ಅಂತಲೂ ಹೇಳಿತ್ತು. ಮರುವರ್ಷ ಆಯೋಗ ವಯಸ್ಸು ಇಳಿಸುವುದು ಬೇಡ ಅಂದಿತು. ನಮಗೆ ಬೇಕಾದ್ದು ಎರಡನೇ ಮಾತು, ತಿಳಿಸಿಕೊಡಿ ಅನ್ನುವುದು. ಹುಡುಗರಿಗೂ, ಗಮನಿಸಿ. ಹುಡುಗಿಯರನ್ನು ಮಾತ್ರ ಒಂದು ರೂಮಿಗೆ ಸೇರಿಸಿ ಹೇಳಿ ಕಳಿಸುವ ಪದ್ಧತಿ ಇದೆಯಲ್ಲ, ಆ ಹೊತ್ತಿಗೆ ಹುಡುಗರು ಕಬಡ್ಡಿ ಆಡುತ್ತಿರುತ್ತಾರೆ. ಅವರಿಗೂ ಯಾರೋ ಕಾಡಿಸಿರಬಹುದು ಅಂತ ನಮಗೆ ಅನ್ನಿಸುವುದೇ ಇಲ್ಲ. ಪೋಕ್ಸೊದಲ್ಲಿ ಮಗು ಅಂದರೆ ಗಂಡೂ ಹೌದು, ಹೆಣ್ಣೂ ಹೌದು.

ಈಗ ಕೋಲಿನ ವಿಷಯ. ನಾನು ಹೊಡೆದಿದ್ದೇನೆ. ಹುಣಸೆ ಬರಲಿನಲ್ಲಿ, ಮಗ್ಗಿ ಬರಲಿಲ್ಲ ಅಂತ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ ಅಂತ ಎಲ್ಲರಿಗೂ ಗೊತ್ತು. ಅದು 14 ವರ್ಷದವರೆಗೆ ತಾನೆ, ನಮ್ಮವರಿಗೆ ಹದಿನೈದು ಅಂತ ಒಬ್ಬರು ಬುದ್ಧಿವಂತರು ವಾದ ಮಾಡಿದ್ದರು. ಅವರಿಗೆ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಓದಲು ಹೇಳಿದೆ, ಅದು 18ರವರೆಗೆ. ಆದರೆ ನಾನು ಕೋಲು ಬಿಟ್ಟಿದ್ದು ಸೆಕ್ಷನ್‌ಗೆ ಹೆದರಿ ಅಲ್ಲ. ಮಗ್ಗಿ ತಪ್ಪಿದರೆ ಹೊಡೆಯುವವಳ ಹತ್ತಿರ ಬಂದು ಯಾವ ಮಗು ತನ್ನ ಮನೆಯ ಕಥೆ ಹೇಳುತ್ತದೆ?

ಎಲ್ಲಕ್ಕೂ ಪೊಲೀಸ್, ಎಲ್ಲಕ್ಕೂ ಮಕ್ಕಳ ಸಹಾಯವಾಣಿ 1098 ಅಂತ ತಿಳಿದುಕೊಳ್ಳಬೇಡಿ. ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ಮೊದಲ ಪೀರಿಯಡ್‌ನಲ್ಲಿ ದಿನಾ ತೂಕಡಿಸುತ್ತಿದ್ದ. ರಾತ್ರಿಯೆಲ್ಲ ಮೊಬೈಲ್ ನೋಡ್ತಾನೆ ಅಂತ ಸ್ಟಾಫ್ ರೂಮಲ್ಲಿ ತೀರ್ಪು ಆಗಿಹೋಗಿತ್ತು. ಅವನ ಬೆರಳು ನೋಡಿದೆ. ತುದಿಯೆಲ್ಲ ಹಸಿರು ಮೆತ್ತಿಕೊಂಡಿತ್ತು. ಕಾಕಡ ಬಿಡಿಸುವ ಕೈ ಅದು. ಮೂರೂವರೆಗೆ ಎದ್ದು, ತಲೆಗೆ ಬ್ಯಾಟರಿ ಕಟ್ಟಿಕೊಂಡು, ಅವ್ವನ ಜೊತೆ ಹೂ ಬಿಡಿಸಿ, ಆರು ಗಂಟೆಯೊಳಗೆ ಗಾಡಿಗೆ ಹಾಕಿ ಶಾಲೆಗೆ ಬರುತ್ತಿದ್ದ. ಸ್ವಂತ ತೋಟ, ಅರ್ಧ ಎಕರೆ. ಅಪ್ಪ ಇಲ್ಲ. ಇದರಲ್ಲಿ ಯಾರ ಮೇಲೆ ದೂರು ಕೊಡುತ್ತೀರಿ? ಲೈಬ್ರರಿ ಅಂತ ನಾವು ಕರೆಯುವ ರೂಮಿನಲ್ಲಿ ಒಂದು ಚಾಪೆ ಹಾಕಿದೆವು. ಪ್ರಾರ್ಥನೆ ಹೊತ್ತಿಗೆ ಮತ್ತು ಮೊದಲ ಪೀರಿಯಡ್‌ನ ಅರ್ಧ ಅವನು ಅಲ್ಲಿ ಮಲಗುತ್ತಿದ್ದ. ಗಣಿತದ ಪೀರಿಯಡ್ ಮಧ್ಯಾಹ್ನಕ್ಕೆ ಹೋಯಿತು, ಟೈಂಟೇಬಲ್ ಬದಲಿಸಲು ಮೂರು ದಿನ ಜಗಳ ಆಯಿತು. ಸುಗ್ಗಿ ಮುಗಿಯುವ ತನಕ ಅಷ್ಟೇ. ಇದಕ್ಕೆ ಯಾವ ಸುತ್ತೋಲೆಯೂ ಇಲ್ಲ.

ರಿಸಲ್ಟ್ ದಿನದ ಬಗ್ಗೆ ಒಂದು ಮಾತು. ಪಾಸಾದವರು ಸಿಹಿ ಹಿಡಿದುಕೊಂಡು ಬರುತ್ತಾರೆ, ನಾವು ಅವರ ಜೊತೆ ಫೋಟೊ ತೆಗೆಸಿಕೊಳ್ಳುತ್ತೇವೆ. ಫೇಲಾದವರು ಎಲ್ಲಿದ್ದಾರೆ ಅಂತ ಯಾರೂ ನೋಡುವುದಿಲ್ಲ. ನಾವೀಗ ಮಾಡುವುದು ಇಷ್ಟೇ: ಯಾರು ಫೇಲಾಗಬಹುದು ಅಂತ ನಮಗೆ ಮೊದಲೇ ಗೊತ್ತಿರುತ್ತದಲ್ಲ, ಆ ಪಟ್ಟಿಯನ್ನು ಹಿಂದಿನ ದಿನವೇ ಹಂಚಿಕೊಳ್ಳುತ್ತೇವೆ, ಒಬ್ಬೊಬ್ಬರಿಗೆ ನಾಲ್ಕೈದು ಮಕ್ಕಳು. ಬೆಳಿಗ್ಗೆ ರಿಸಲ್ಟ್ ಬಂದ ತಕ್ಷಣ ಫೋನು. ಫೋನ್ ಎತ್ತದಿದ್ದರೆ ಬೈಕು. 2024ರಿಂದ ಎಸ್‌ಎಸ್‌ಎಲ್‌ಸಿಗೆ ಪರೀಕ್ಷೆ 1, ಪರೀಕ್ಷೆ 2 ಅಂತ ಆಗಿದೆ, ಸಪ್ಲಿಮೆಂಟರಿ ಅನ್ನುವ ಹೆಸರೇ ಹೋಗಿದೆ. ಆ ಹೆಸರು ಹೋಗಿದ್ದೇ ಒಂದು ಪುಣ್ಯ. “ಎರಡನೇದರಲ್ಲಿ ಬರೆಯೋಣ ಬಾ” ಅನ್ನುವುದು ಸುಲಭವಾಗಿದೆ. ಮಾತಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ 14416, ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಇರುವ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ದೇಶಕ್ಕೆಲ್ಲ ಮುಖ್ಯ ಕೇಂದ್ರ. ನಂಬರನ್ನು ನೋಟಿಸ್ ಬೋರ್ಡಿನಲ್ಲಿ ಅಂಟಿಸಬೇಡಿ, ಅಲ್ಲಿ ನಿಂತು ಬರೆದುಕೊಂಡರೆ ಎಲ್ಲರಿಗೂ ಗೊತ್ತಾಗುತ್ತದೆ. ಎಲ್ಲ ಮಕ್ಕಳ ಡೈರಿಯ ಹಿಂದಿನ ಪುಟದಲ್ಲಿ ಬರೆಸಿ.

ಕೊನೆಯದು. ಮಕ್ಕಳು ನಮ್ಮ ಹತ್ತಿರವೇ ಬಂದು ಹೇಳುತ್ತಾರೆ ಅನ್ನುವ ಜಂಬ ಬೇಡ. ಕೇಂದ್ರದ ಊಟದ ಯೋಜನೆ ಎಂಟನೇ ತರಗತಿಗೆ ನಿಲ್ಲುತ್ತದೆ, ನಮ್ಮ ರಾಜ್ಯದಲ್ಲಿ ಹತ್ತರವರೆಗೂ ಬಿಸಿಯೂಟ ಇದೆ. ಹೊಟ್ಟೆಗೆ ಆಯಿತು. ಅದರ ಜೊತೆಗೆ ಸಿಕ್ಕಿದ್ದು ಅಡುಗೆಯ ಅಕ್ಕಂದಿರು. ಅವರು ಅದೇ ಊರಿನವರು, ಮಾರ್ಕ್ಸ್ ಹಾಕುವವರಲ್ಲ, ಹೊಡೆಯುವವರಲ್ಲ. ಯಾರು ಎರಡನೇ ಸಲ ಅನ್ನ ಹಾಕಿಸಿಕೊಂಡರು, ಯಾರು ಬಿಟ್ಟರು ಅಂತ ನಮಗಿಂತ ಮೊದಲು ಅವರಿಗೆ ಗೊತ್ತು.

ಮೂರು ವರ್ಷದ ಹಿಂದೆ, ಪೂರ್ವಸಿದ್ಧತಾ ಪರೀಕ್ಷೆಯ ವಾರ. ನಲ್ಲಿ ಹತ್ತಿರ ತಟ್ಟೆ ತೊಳೆಯುತ್ತಾ ಹತ್ತನೇ ಕ್ಲಾಸಿನ ಒಬ್ಬಳು ನಮ್ಮ ಅಡುಗೆ ಅಕ್ಕನಿಗೆ ಹೇಳಿದಳಂತೆ, “ಅಕ್ಕ, ಅವಳಿಗೆ ಬ್ಲೌಸ್ ಅಳತೆ ತಗೊಂಡವ್ರೆ, ಯಾರಿಗೂ ಹೇಳಬೇಡಿ” ಅಂತ. ಅಷ್ಟೇ ಮಾತು. ಅಕ್ಕ ಏನಂದರು ಗೊತ್ತಾ? “ಹೇಳೇ ಹೇಳ್ತೀನಿ ಕಣೆ. ಮಿಸ್‌ಗೆ ಮಾತ್ರ ಹೇಳ್ತೀನಿ, ನಿನ್ ಹೆಸ್ರು ಹೇಳಾಕಿಲ್ಲ.” ಯಾವ ತರಬೇತಿಯೂ ಇಲ್ಲ ಅವರಿಗೆ. ನಾನು ಹತ್ತು ಹನ್ನೆರಡು ವರ್ಷ ಕಲಿತದ್ದನ್ನು ಸೌಟು ಹಿಡಿದುಕೊಂಡೇ ಹೇಳಿಬಿಟ್ಟರು. ಆ ಹೆಸರನ್ನು ನನಗೂ ಹೇಳಲಿಲ್ಲ. ಮಾತಾಡಿದ ಹುಡುಗಿಯೇ ಪರೀಕ್ಷೆಯೆಲ್ಲ ಮುಗಿದ ಮೇಲೆ ಬಂದು ನಾನೇ ಅಂದಳು.

ಬ್ಲೌಸಿಗೆ ಅಳತೆ ಕೊಟ್ಟವಳಿಗೆ ಪರೀಕ್ಷೆ ಮುಗಿದ ಮೂರನೇ ದಿನಕ್ಕೆ ಮದುವೆ ಇಟ್ಟಿದ್ದರು, ಬೆಳಗಿನ ಜಾವ, ಬೇರೆ ಊರಿನ ದೇವಸ್ಥಾನದಲ್ಲಿ. ಹುಡುಗಿಗೆ ಹದಿನಾರು. ನಮ್ಮ ರಾಜ್ಯದ 2016ರ ತಿದ್ದುಪಡಿ ಪ್ರಕಾರ ಇಂಥ ಮದುವೆ ಮೊದಲಿನಿಂದಲೇ ಅಸಿಂಧು, ಆದರೆ ತಾಳಿ ಬಿದ್ದ ಮೇಲೆ ಅಸಿಂಧು ಅನ್ನುವುದನ್ನು ಯಾರು ಕೇಳುತ್ತಾರೆ? ರಾತ್ರಿ ಒಂಬತ್ತೂವರೆಗೆ 1098ಕ್ಕೆ ಫೋನ್ ಮಾಡಿದೆ. ಕೈ ನಡುಗುತ್ತಿತ್ತು, ಸುಳ್ಳೇಕೆ ಹೇಳಲಿ. ಎರಡು ದಿನದಲ್ಲಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮೇಡಂ ಪೊಲೀಸರ ಜೊತೆ ಬಂದು ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಂಡರು. ಮುಚ್ಚಳಿಕೆ ಆದ ತಕ್ಷಣ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ನಿಜವಾದ ಕೆಲಸ ಶುರುವಾಗುವುದೇ ಆಮೇಲೆ. ಮನೆಯಲ್ಲಿ ಅವಳ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಅವಳಮ್ಮ ತಟ್ಟೆ ಕುಕ್ಕುತ್ತಿದ್ದರಂತೆ. ಅಕ್ಕ ದಿನಾ ಸಂಜೆ ಹಾಲು ಹಾಕಲು ಹೋಗುವಾಗ ಆ ಮನೆ ಮುಂದೆ ಒಂದು ಸಲ ಕೂಗಿ, ಅವಳು “ಓ” ಅಂದ ಮೇಲೆ ಮುಂದೆ ಹೋಗುತ್ತಿದ್ದರು. ಒಂದು ದಿನ “ಓ” ಬರಲಿಲ್ಲ, ಅಕ್ಕ ನನಗೆ ಫೋನ್ ಮಾಡಿದರು, ನಾವಿಬ್ಬರೂ ಹೋದೆವು. ಜ್ವರ ಬಂದು ಮಲಗಿದ್ದಳು.

ಗಣಿತದಲ್ಲಿ ಹೋಯಿತು, ಮತ್ತೆ ಬರೆದು ಪಾಸಾದಳು. ಈಗ ತಾಲ್ಲೂಕಿನ ಕಾಲೇಜಿನಲ್ಲಿ ಬಿಕಾಂ ಓದುತ್ತಿದ್ದಾಳೆ. ಅವಳಪ್ಪನದು ಬಸ್‌ಸ್ಟ್ಯಾಂಡ್ ಪಕ್ಕ ಅಂಗಡಿ. ನಾನು ಅಲ್ಲೇ ಸಾಮಾನು ತರುವುದು, ಬೇರೆ ಕಡೆ ಹೋಗಬಾರದು ಅಂತ ಹಟ ನನಗೆ. ಮೂರು ವರ್ಷದಿಂದ ಅವರು ನನ್ನ ಜೊತೆ ಮಾತಾಡಿಲ್ಲ. ಕೇಳಿದ್ದನ್ನು ಕೊಡುತ್ತಾರೆ, ತೂಕ ಸರಿಯಾಗಿ ಇರುತ್ತದೆ, ಚಿಲ್ಲರೆಯನ್ನು ಮಾತ್ರ ಕೈಗೆ ಕೊಡುವುದಿಲ್ಲ. ಬಿಸ್ಕತ್ ಡಬ್ಬದ ಮುಚ್ಚಳದ ಮೇಲೆ ಇಡುತ್ತಾರೆ. ನಾನು ಎಣಿಸಿಕೊಂಡು ಬರುತ್ತೇನೆ.